ಸೊನ್ನೆ ಬರೆದ ಏಳು ಪೆಟ್ಟು

ಖಾಲಿ ಬಿಟ್ಟ ಜಾಗದಲ್ಲಿ ಕಂಪ್ಯೂಟರು ತಾನಾಗಿಯೇ ಮೌನದ ಗುರುತು ಹಾಕುತ್ತದೆ. ಸಂಗೀತದ ಲಿಪಿ ಬರೆಯುವ ತಂತ್ರಾಂಶವೊಂದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ದಿನವೂ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆವರೆಗೆ ಕೂರುತ್ತೇನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಡೊಳ್ಳಿಗೆ ಐದು ಗೆರೆ ಬೇಕಿಲ್ಲ, ಒಂದೇ ಗೆರೆ ಸಾಕು. ಕೋಲಿನ ಪೆಟ್ಟು ಗೆರೆಯ ಮೇಲೆ, ಅಂಗೈ ಪೆಟ್ಟು ಗೆರೆಯ ಕೆಳಗೆ, ಜೋರಾಗಿ ಬೀಳುವ ಪೆಟ್ಟಿಗೆ ಕತ್ತರಿ ಗುರುತಿನ ತಲೆ. ನಾನು ಏನೂ ಬರೆಯದೆ ಮುಂದಕ್ಕೆ ಹೋದರೆ ಯಂತ್ರ ಸುಮ್ಮನಿರುವುದಿಲ್ಲ. ಇಲ್ಲಿ ಏನೂ ಇಲ್ಲ ಎಂದು ತಾನೇ ಬರೆದುಕೊಳ್ಳುತ್ತದೆ. ಮೊದಲ ದಿನ ಅದನ್ನು ಕಂಡಾಗ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಇದೇ ತಪ್ಪನ್ನು ನಾನು ಎಪ್ಪತ್ತರ ದಶಕದಲ್ಲಿ ಪೆನ್ಸಿಲ್ಲಿನಿಂದ ಮಾಡಿದ್ದೆ. ಅದರಿಂದ ಒಬ್ಬನ ದವಡೆ ಒಡೆಯಿತು. ಇನ್ನೊಬ್ಬನ ಮುರಿದ ಕೈ ಎರಡನೆಯ ಸಲ ಮುರಿಯಿತು. ಆ ಎರಡನೆಯ ಸಲ ಮುರಿದವನು ನಾನು.

ತಾಳಕ್ಕೂ ಲಿಪಿಯಿದೆ ಎಂದು ನನಗೆ ಕಲಿಸಿದವರು ಸೇನೆಯ ಬ್ಯಾಂಡಿನ ಹವಾಲ್ದಾರರು. ಹದಿನೆಂಟನೆಯ ವಯಸ್ಸಿಗೆ ಸೇರಿದ ನನ್ನ ಕೊರಳಿಗೆ ಸೈಡ್ ಡ್ರಮ್ಮು ಬಿತ್ತು. ಹವಾಲ್ದಾರರ ಬಳಿ ತೇಗದ ರೂಲುದೊಣ್ಣೆಯಿತ್ತು. ತಪ್ಪು ಬಾರಿಸಿದವನ ಬೆರಳಗೆಣ್ಣಿಗೆ ಒಂದು, ತಪ್ಪು ಬರೆದವನಿಗೆ ಎರಡು. ಬಾರಿಸಿದ ತಪ್ಪು ಗಾಳಿಗೆ ಹೋಗುತ್ತದೆ, ಬರೆದ ತಪ್ಪು ಹತ್ತು ಜನರ ಕೈಗೆ ಹೋಗುತ್ತದೆ ಎನ್ನುವುದು ಅವರ ವಾದ. ಒಂದು ಚಳಿಗಾಲ ಪೂರ್ತಿ ನನ್ನ ಗೆಣ್ಣುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವರು ಇನ್ನೊಂದು ನಿಯಮ ಮಾಡಿದ್ದರು. ಯಾರಿಂದ ಕೇಳಿ ಬರೆದೆಯೋ ಅವನೆದುರು ಕೂತು, ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಬೇಕು. ಅವನು ಹೂಂ ಎನ್ನುವವರೆಗೆ ಪೆನ್ಸಿಲು ಕಿಸೆಗೆ ಹೋಗಕೂಡದು. ಹನ್ನೆರಡು ವರ್ಷಗಳ ನೌಕರಿಯಲ್ಲಿ ಈ ನಿಯಮವನ್ನು ನಾನು ಒಮ್ಮೆಯೂ ಮುರಿಯಲಿಲ್ಲ. ಮುರಿದದ್ದು ಊರಿಗೆ ಬಂದ ಮೇಲೆ, ಒಂದೇ ಒಂದು ಸಲ.

ಸೇನೆಯಿಂದ ಬಿಡುಗಡೆಯಾಗಿ ಸಾಗರದ ಹೈಸ್ಕೂಲೊಂದಕ್ಕೆ ಡ್ರಿಲ್ ಮೇಷ್ಟ್ರಾಗಿ ಬಂದೆ. ನಾಲ್ಕೂವರೆಗೆ ಏಳುವುದು, ಐದಕ್ಕೆ ಮೈದಾನ, ಆರೂಕಾಲಿಗೆ ಸ್ನಾನ, ಏಳಕ್ಕೆ ತಿಂಡಿ. ನಾನು ಬೀಗ ಹಾಕುವ ಸದ್ದು ಕೇಳಿ ಪಕ್ಕದ ಮನೆಯವರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಶಾಲೆಯಲ್ಲಿ ಹತ್ತು ಹುಡುಗರ ಬ್ಯಾಂಡು ಕಟ್ಟಿದೆ. ಸ್ಟೆನ್ಸಿಲ್ ಕೊರೆದು ಡ್ರಮ್ಮಿನ ಪಾಠದ ಚೀಟಿ ಹಂಚಿದೆ. ಕೈಯಲ್ಲಿ ಬೆತ್ತ ಇದ್ದೇ ಇರುತ್ತಿತ್ತು. ಹೊಡೆದು ಕಲಿಸಬೇಕೆಂದು ಯೋಚಿಸಿ ತೀರ್ಮಾನ ಮಾಡಿದ್ದಲ್ಲ. ಹೊಡೆಯದೆಯೂ ಕಲಿಸಬಹುದೆಂದು ಹೊಳೆದಿರಲಿಲ್ಲ, ಅಷ್ಟೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಒಂದು ಸಂಜೆ ಬ್ಯಾಂಡಿನ ಅಭ್ಯಾಸ ಮುಗಿಯುವವರೆಗೂ ಬೇಲಿಯ ಹೊರಗೆ ಒಬ್ಬ ನಿಂತಿದ್ದ. ಎರಡಾಳಿನ ಮೈ, ಮೂವತ್ತರ ಆಸುಪಾಸಿನ ವಯಸ್ಸು. ಜೋಗದ ಪವರ್ ಹೌಸಿನಲ್ಲಿ ಪಾಳಿ ಕೆಲಸ ಎಂದ. ಮದುವೆಯಾಗಿ ಹೊಸನಗರದ ರಸ್ತೆಯ ಒಂದು ಹಳ್ಳಿಗೆ ಮನೆಅಳಿಯನಾಗಿ ಬಂದಿದ್ದನಂತೆ.

"ಮೇಷ್ಟ್ರೇ, ಆ ಹುಡುಗ್ರು ಚೀಟಿ ನೋಡ್ಕಂಡು ಬಾರಿಸ್ತಿದ್ರಲ್ಲ, ಅದ್ರಲ್ಲಿ ಎಂತ ಬರ್ದಿರ್ತೀರಿ?"

"ಪೆಟ್ಟು."

"ಪೆಟ್ಟು ಬರಿಯಕ್ಕೆ ಆಗ್ತದಾ?"

"ಎಣಿಸೋಕೆ ಬಂದ್ರೆ ಬರೆಯೋಕೂ ಆಗ್ತದೆ."

"ಡೊಳ್ಳು?"

"ತೊಗಲಿಗೆ ಹೊಡೆಯೋದು ಯಾವುದಾದ್ರೂ ಸರಿ."

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನಮ್ ಮಾವನ ಹತ್ರ ಒಂದು ಮಟ್ಟು ಅದೆ. ಏಳು ಸಾಲಿಂದು. ಅವ್ರ ಕೈ ಹೋಯ್ತು. ಬಾಯಲ್ಲಿ ಉಳ್ದದೆ. ಬಾಯಿ ಹೋಗೋದ್ರೊಳಗೆ ಬರ್ಕೊಡ್ತೀರಾ?"

ಮಟ್ಟು ಎಂದರೆ ಡೊಳ್ಳಿನವರು ಒಂದು ಕುಣಿತಕ್ಕೆ ಹಿಡಿಯುವ ಪೆಟ್ಟುಗಳ ಕಟ್ಟು. ಕೈ ಹೋದದ್ದು ಹೇಗೆಂದು ಕೇಳಿದೆ. ಅವನು ನಿಂತಲ್ಲೇ ಹೇಳಿದ.

ಅವನ ಮಾವ ಆ ಹಳ್ಳಿಯ ಡೊಳ್ಳಿನ ತಂಡಕ್ಕೆ ಮುಂದಾಳಾಗಿದ್ದವನು. ಊರಿನ ಎಲ್ಲರಂತೆ ಒಬ್ಬ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಉಳುವವನಿಗೆ ಭೂಮಿ ಎಂದು ಅರ್ಜಿ ಕೊಡುವ ಕಾಲ ಬಂದಾಗ ಊರಲ್ಲಿ ಮೊದಲ ಅರ್ಜಿ ಇವನದು. ಆ ವರ್ಷದ ಸುಗ್ಗಿಯಲ್ಲೂ ಪದ್ಧತಿಯಂತೆ ತಂಡ ಒಡೆಯರ ಅಂಗಳಕ್ಕೆ ಹೋಯಿತು. ಇವನು ಏಳು ಸಾಲಿನ ಮಟ್ಟು ಎತ್ತಿಕೊಂಡ. ಅದು ಮುಗಿಯುವ ಮೊದಲೇ ಕೊಟ್ಟಿಗೆಯ ಕಡೆಯಿಂದ ನಾಲ್ವರು ಬಂದರು. ಇಬ್ಬರು ತೋಳು ಹಿಡಿದರು, ಒಬ್ಬ ಬಲಗೈಯನ್ನು ಡೊಳ್ಳಿನ ಮರದ ಅಂಚಿನ ಮೇಲೆಯೇ ಒತ್ತಿ ಹಿಡಿದ, ಇನ್ನೊಬ್ಬ ಗುದ್ದಲಿಯ ಕಾವಿನಿಂದ ಮಣಿಕಟ್ಟಿಗೆ ಹೊಡೆದ. ಮೂರು ಏಟು. ತಂಡದಲ್ಲಿ ಅರ್ಧ ಜನ ನೋಡುತ್ತ ನಿಂತರು, ಅರ್ಧ ಜನ ಓಡಿದರು. ತೀರ್ಥಹಳ್ಳಿ ಕಡೆಯ ನಾಟಿ ವೈದ್ಯನೊಬ್ಬ ಬಿದಿರ ಸೀಳು ಕಟ್ಟಿ ಮೂಳೆ ಕೂಡಿಸಿದ. ಕೂಡಿತು, ಓರೆಯಾಗಿ. ಭೂಮಿ ಮುಂದೆ ಅವನ ಹೆಸರಿಗಾಯಿತು. ಬಲಗೈ ಬೆರಳುಗಳು ಮಾತ್ರ ಕುಂಟೆಯ ಹಲ್ಲಿನಂತೆ ನೆಟ್ಟಗೆ ನಿಂತವು. ಹಳೆಯ ತಂಡ ಅಂದೇ ಒಡೆದುಹೋಯಿತು.

ಆ ಮಟ್ಟನ್ನು ಮತ್ತೆ ಯಾರೂ ಬಾರಿಸಿರಲಿಲ್ಲ. ಅಳಿಯ ಈಗ ಹನ್ನೆರಡು ಜನರ ಹೊಸ ತಂಡ ಕಟ್ಟಿದ್ದ. ಅದರಲ್ಲಿ ಒಬ್ಬನೂ ಅದನ್ನು ಪೂರ್ತಿ ಕೇಳಿದವನಲ್ಲ. ಮುದುಕ ಅಳಿಯನಿಗೆ ಹೇಳಿದ್ದು ಒಂದೇ: ಸಾಯುವ ಮೊದಲು ಒಂದು ಸಲ, ಪೂರ್ತಿ, ಬಯಲಿನಲ್ಲಿ, ಹಗಲಿನಲ್ಲಿ, ನಾಲ್ಕು ಜನರ ಎದುರು ಅದನ್ನು ಕೇಳಬೇಕು. ಜನವರಿಯಲ್ಲಿ ಸಾಗರದಲ್ಲಿ ನಡೆಯುವ ಗಣರಾಜ್ಯದ ಪೆರೇಡಿನ ಹೊಣೆ ನನ್ನದಾಗಿತ್ತು. ಡೊಳ್ಳಿಗೆ ಹನ್ನೆರಡು ನಿಮಿಷ ಕೊಡುತ್ತೇನೆ ಎಂದೆ.

ಒಡೆಯರಿಗೆ ಆ ಮಟ್ಟಿನ ಮೇಲೇಕೆ ಅಷ್ಟು ಸಿಟ್ಟು ಎಂದು ನಾನು ಕೇಳಲಿಲ್ಲ. ಅದು ಬರೆಯುವವನ ಕೆಲಸವಲ್ಲ ಎಂದುಕೊಂಡೆ.

ಮುಂದಿನ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹಳ್ಳಿಗೆ ಹೋದೆ. ಸಂಜೆ ಐದೂಹತ್ತಕ್ಕೆ ಸಾಗರಕ್ಕೆ ಕೊನೆಯ ಬಸ್ಸು. ಮುದುಕ ಜಗಲಿಯ ಮೇಲೆ ಕೂತಿದ್ದ. ತೆಳ್ಳಗಿನ ಆಸಾಮಿ, ಎದೆ ಮಾತ್ರ ಡೊಳ್ಳು ಹೊತ್ತವರದ್ದು.

"ಕಾಗ್ದ ತಂದ್ರಾ?"

"ತಂದೆ."

"ಒಂದ್ ಕಾಗ್ದ ಕೊಟ್ಟೇ ಕೈ ಮುರ್ಸ್ಕಂಡಿದ್ದು ನಾನು. ಈಗ ಇನ್ನೊಂದು. ಇದ್ಕೆ ಎಂತ ಮುರೀತದೋ."

ಒಳಗಿನಿಂದ ಅವನ ಮಗಳು, "ಅಪ್ಪಯ್ಯ, ಮೇಷ್ಟ್ರಿಗೆ ಮೊದ್ಲು ಕಾಫಿ ಕುಡಿಯಕ್ಕೆ ಬಿಡಿ" ಎಂದಳು. ನನಗೆ ಕಾಫಿಯ ಹೊತ್ತು ಅದಲ್ಲ. ಆದರೂ ಕುಡಿದೆ.

ಮುದುಕ ಮೊದಲು ಹಲಗೆಯ ಮೇಲೆ ಎಡಗೈಯಲ್ಲಿ ಬಾರಿಸಿ ತೋರಿಸಿದ. ನಾಲ್ಕು ಪೆಟ್ಟಿಗೆ ನಿಲ್ಲಿಸಿದ. "ಹಲಗೆಗೆ ಉಸಿರಿಲ್ಲ. ತಿರುಗಿ ಕೂರಿ ಮೇಷ್ಟ್ರೇ." ನಾನು ಬೆನ್ನು ಕೊಟ್ಟು ಕೂತೆ, ತೊಡೆಯ ಮೇಲೆ ಚೌಕಳಿ ಕಾಗದ ಇಟ್ಟುಕೊಂಡೆ. ಅವನು ನನ್ನ ಬೆನ್ನಿನ ಮೇಲೆ ಬಾರಿಸತೊಡಗಿದ. ಕೋಲಿನ ಪೆಟ್ಟಿಗೆ ಮುಷ್ಟಿ, ಕೈಪೆಟ್ಟಿಗೆ ಅಂಗೈ. ಬಾಯಲ್ಲಿ ಡಂ, ಕು, ಡಂ, ಡಂ, ಕು. ಅರವತ್ತು ದಾಟಿದವನ ಎಡಗೈ ಅದು. ಆದರೂ ಪ್ರತಿ ಮುಷ್ಟಿಗೆ ನನ್ನ ಶ್ವಾಸ ಕಡಿಯುತ್ತಿತ್ತು, ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ನಾನು ಸಾಲಿಗೆ ಹದಿನಾರು ಮನೆ ಹಾಕಿಕೊಂಡು ತುಂಬುತ್ತ ಹೋದೆ. ಪ್ರತಿ ಸಾಲಿನಲ್ಲೂ ಒಂದು ಕಡೆ, ಪೆಟ್ಟುಗಳು ಒತ್ತೊತ್ತಾಗಿ ಓಡಿ ಬಂದ ಮೇಲೆ, ಅವನು "ಬಿಡು" ಎನ್ನುತ್ತಿದ್ದ. ಅಲ್ಲಿ ನನ್ನ ಬೆನ್ನಿಗೆ ಏನೂ ಬೀಳುತ್ತಿರಲಿಲ್ಲ. ಏಳು ಸಾಲು, ಸಾಲಿಗೊಂದು ಬಿಡು, ಒಂದೊಂದು ಒಂದೊಂದು ಮನೆಯಲ್ಲಿ. ಬ್ಯಾಂಡಿನಲ್ಲಿ ಪೆಟ್ಟು ಬಿಟ್ಟ ಕಡೆ ಸೊನ್ನೆ ಬರೆಯುವುದು ನನ್ನ ರೂಢಿ. ಏಳೂ ಕಡೆ ಗುಂಡಗೆ, ಒಂದೇ ಅಳತೆಯ ಸೊನ್ನೆ ಬರೆದೆ. ಮೂರು ಸಲ ಬಾರಿಸಲು ಹೇಳಿದೆ. ಮೂರು ಸಲವೂ ಬಿಡು ಅದೇ ಮನೆಗೆ ಬಂತು. ಅಂಥ ನಿಖರತೆಯನ್ನು ನಾನು ಸೇನೆಯಲ್ಲೂ ಕಂಡಿರಲಿಲ್ಲ.

ಗಡಿಯಾರ ನೋಡಿದೆ. ಐದಾಗಲು ಐದು ನಿಮಿಷ. ಬಸ್ಸು ನಿಲ್ಲುವ ಕಡೆಗೆ ಹತ್ತು ನಿಮಿಷದ ನಡಿಗೆ. ಓದಿ ಹೇಳಲು ಕಾಲು ಗಂಟೆ ಬೇಕು. ಕಾಗದ ಮಡಚಿ, ಪೆನ್ಸಿಲು ಕಿಸೆಗಿಟ್ಟು ಹೊರಟೆ.

ಡಿಸೆಂಬರಿನಿಂದ ಪ್ರತಿ ಭಾನುವಾರ ಶಾಲೆಯ ಮೈದಾನದಲ್ಲಿ ಅಭ್ಯಾಸ. ಆರಕ್ಕೆ ಆರಂಭ, ಎಂಟೂವರೆಗೆ ಮುಕ್ತಾಯ. ಮರಕ್ಕೆ ಕರಿಹಲಗೆ ಒರಗಿಸಿ, ಹನ್ನೆರಡು ಜನರಿಗೆ ಮನೆ ಎಣಿಸುವುದನ್ನು ಕಲಿಸಿದೆ. ತೊಗಲಿನ ವಾದ್ಯವೆಂದರೆ ಅವರಿಗೆ ಮೈಯಲ್ಲಿ ಬರುವುದು. ಕಣ್ಣಿನಲ್ಲಿ ಓದುವುದೆಂದರೆ ಸಿಟ್ಟು. ತಪ್ಪಿದವನ ಮೊಣಕಾಲ ಹಿಂದಕ್ಕೆ ಬೆತ್ತ ಬೀಳುತ್ತಿತ್ತು. ಎರಡನೆಯ ವಾರ ಒಬ್ಬ ಬೆತ್ತವನ್ನು ಗಾಳಿಯಲ್ಲೇ ಹಿಡಿದುಕೊಂಡ.

"ಮೇಷ್ಟ್ರೇ, ಎರಡು ಮಕ್ಕಳ ಅಪ್ಪ ನಾನು."

"ಹಾಗಾದ್ರೆ ಎರಡರ ತನಕವಾದ್ರೂ ಎಣಿಸೋಕೆ ಬರಬೇಕಲ್ಲ."

ಉಳಿದವರು ನಕ್ಕರು. ಅವನು ನಗಲಿಲ್ಲ, ಬೆತ್ತವನ್ನು ನಿಧಾನವಾಗಿ ಬಿಟ್ಟ. ಮುಂದಿನ ಭಾನುವಾರದ ಹೊತ್ತಿಗೆ ಅವನೇ ಎಲ್ಲರಿಗಿಂತ ಚೆನ್ನಾಗಿ ಓದುತ್ತಿದ್ದ. ಅಂಗೈಗಳು ಬಿರಿದು ತೊಗಲಿನ ಮೇಲೆ ರಕ್ತದ ಕಲೆ ಕಾಣುತ್ತಿತ್ತು. ಸೊಂಟದ ಮೂಳೆಗೆ ಡೊಳ್ಳಿನ ಅಂಚು ಉಜ್ಜಿ ಚರ್ಮ ಕಿತ್ತುಬಂದಿತ್ತು. ಯಾರೂ ದೂರಲಿಲ್ಲ. ಸೊನ್ನೆ ಬಂದ ಕಡೆ ಹನ್ನೆರಡು ಕೋಲು ಮೇಲೆತ್ತಿ ಗಕ್ಕನೆ ನಿಲ್ಲುವಂತೆ ನಾನು ಕಲಿಸಿದ್ದೆ. ಓಡಿ ಬಂದ ಸದ್ದೆಲ್ಲ ಅಲ್ಲಿ ಕತ್ತರಿಸಿದಂತೆ ನಿಲ್ಲುತ್ತಿತ್ತು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ್ದು ಇನ್ನೊಂದಿರಲಿಲ್ಲ.

ಅಳಿಯನಿಗೆ ಮಾತ್ರ ಅದು ಒಗ್ಗಲಿಲ್ಲ. "ಇಷ್ಟ್ ಓಡಿ ಬಂದು ಇಲ್ಲಿ ಸುಮ್ನೆ ನಿಲ್ಲೋದಾ ಮೇಷ್ಟ್ರೇ? ಬೆದರಿದ ಎತ್ತು ಬಾವಿ ಕಟ್ಟೆ ಹತ್ರ ನಿಂತಂಗಾಗ್ತದೆ."

"ಅದೇ ಚೆಂದ."

"ಮಾವನ್ನ ಒಂದ್ಸಲ ಕೇಳ್ಲಾ?"

"ಕಾಗದ ಕೇಳು. ಅವರು ಹೇಳಿದ್ದೇ ಅದರಲ್ಲಿರೋದು."

ಪೆರೇಡಿಗೆ ಎರಡು ವಾರ ಉಳಿದಿದ್ದಾಗ ಮುದುಕ ತಾನಾಗಿ ನೋಡಲು ಬಂದ. ಬೆಳಗಿನ ಬಸ್ಸಿಳಿದು, ಮೈದಾನದ ಅಂಚಿನಲ್ಲಿದ್ದ ಕಲ್ಲಿನ ರೋಲರಿನ ಮೇಲೆ ಕೂತ. ನಾನು ಸೀಟಿ ಊದಿದೆ. ಮೊದಲ ಸಾಲು ಓಡಿತು, ಕೋಲುಗಳು ಮೇಲೆದ್ದವು, ನಿಂತವು. ಅವನು ತಲೆ ಎತ್ತಿದ. ಎರಡನೆಯ ಸಾಲಿನ ಸೊನ್ನೆಗೆ ಎದ್ದು ನಿಂತ. ಮೂರನೆಯದಕ್ಕೆ ಮೈದಾನದ ನಡುವೆ ನಡೆದು ಬಂದ. ಮೆಚ್ಚಿ ಬರುತ್ತಿದ್ದಾನೆಂದು ನಾನು ಎಣಿಸಿದೆ.

ಅಳಿಯನ ಎದುರು ನಿಂತು ಕೇಳಿದ, "ನನ್ ಪೆಟ್ಟೆಲ್ಲಿ?"

"ಯಾವ್ದು ಮಾವ?"

"ಒಡೇರ ಅಂಗಳದ ಮಟ್ಟು ಕಲ್ಸಿದ್ಯಾ ಇವ್ರಿಗೆ? ಎಷ್ಟ್ ಕೊಟ್ರು ನಿಂಗೆ?"

ಅಳಿಯನಿಗೆ ಏನೂ ಅರ್ಥವಾಗಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಮುದುಕ ಅವನ ಕೈಯಿಂದ ಕೋಲು ಕಿತ್ತುಕೊಂಡು ಎಡಗೈಯಲ್ಲೇ ಬೀಸಿದ್ದ. ಕೋಲು ದವಡೆಗೆ ಬಿತ್ತು. ಒಣಗಿದ ಬಿದಿರು ಸೀಳಿದ ಸದ್ದು. ಅಳಿಯ ಡೊಳ್ಳಿನ ಸಮೇತ ಪಕ್ಕಕ್ಕೆ ವಾಲಿ, ಮತ್ತೆ ನೆಟ್ಟಗಾಗಿ, ಬಾಯಿಂದ ಎರಡು ಹಲ್ಲು ಉಗಿದ. ಆಮೇಲೆ ಮುದುಕನ ಎದೆಗೆ ಗುದ್ದಿದ. ಅಂಥ ಮೈಯವನ ಒಂದು ಗುದ್ದು ಸಾಕಾಯಿತು. ಮುದುಕ ಅಂಗಾತ ಬಿದ್ದ. ಬಿದ್ದವನು ಕೋಲು ಬಿಡಲಿಲ್ಲ. ಮಲಗಿದಲ್ಲಿಂದಲೇ ಅಳಿಯನ ಮೊಣಕಾಲಿಗೆ ಬಾರಿಸಿದ, ಒಂದು, ಎರಡು. ಅಳಿಯ ಅವನ ಮೇಲೆ ಕುಸಿದ. ತಂಡದವರು ಬಿಡಿಸಲು ನುಗ್ಗಿದರು. ಬಿಡಿಸಲು ಬಂದ ಇಬ್ಬರು ತಮ್ಮತಮ್ಮಲ್ಲೇ ಕೈ ಮಿಲಾಯಿಸಿದರು. ಒಂದು ಡೊಳ್ಳು ಉರುಳಿ ತೊಗಲು ಹರಿಯಿತು.

ನಾನು ಸೀಟಿ ಊದಿದೆ. ಯಾರೂ ನಿಲ್ಲಲಿಲ್ಲ. ನನ್ನ ಸೀಟಿಗೆ ಒಂದು ಮೈದಾನ ನಿಲ್ಲದಿದ್ದದ್ದು ಅದೇ ಮೊದಲು. ಆಗ ನಾನು ಏನು ಮಾಡಬೇಕೆಂದು ಯೋಚಿಸಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಕೈ ಮಾಡಿತು. ಗುಂಪಿನೊಳಗೆ ನುಗ್ಗಿ ಬೆತ್ತ ಎತ್ತಿ ಕೋಲು ಹಿಡಿದ ಮುದುಕನಿಗೆ ಗುರಿಯಿಟ್ಟು ಹೊಡೆದೆ. ಅವನು ಅಡ್ಡಕ್ಕೆ ಬಲಗೈ ತಂದ. ಬೆತ್ತದ ಪೂರ್ತಿ ಬೀಸು ಆ ಓರೆ ಮಣಿಕಟ್ಟಿನ ಮೇಲೆ ಬಿತ್ತು.

ಉಳಿದವರು ನಿಂತುಬಿಟ್ಟರು. ಮುದುಕ ಕೈಯನ್ನು ಎದೆಗೆ ಒತ್ತಿಕೊಂಡು, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದ:

"ನೀವೂ ಒಂದು ಬಿಟ್ರಿ, ಮೇಷ್ಟ್ರೇ."

ಆ ಮಾತು ಕಿವಿಗೆ ಬಿದ್ದ ಕ್ಷಣ ನನಗೆ ಎಲ್ಲ ತಿಳಿಯಿತು. ಎರಡು ಬಿಡ್ತೀನಿ ನೋಡು ಎಂದು ದಿನಕ್ಕೆ ಹತ್ತು ಸಲ ಹುಡುಗರಿಗೆ ಗದರುತ್ತಿದ್ದವನು ನಾನು. ನಮ್ಮ ಕಡೆ ಬಿಡು ಎಂದರೆ ತೊರೆ ಎಂದೂ ಹೌದು, ಎತ್ತಿ ಹೊಡೆ ಎಂದೂ ಹೌದು. ನಾಲಗೆಗೆ ಗೊತ್ತಿದ್ದದ್ದು ಪೆನ್ಸಿಲ್ಲಿಗೆ ಗೊತ್ತಿರಲಿಲ್ಲ.

ಕಿಸೆಯಿಂದ ಕಾಗದ ತೆಗೆದೆ. ಸೊನ್ನೆಯ ಮೇಲೆ ಬೆರಳಿಟ್ಟೆ. "ಇಲ್ಲಿ ಬಿಡು ಅಂದ್ರಲ್ಲ, ಅದು ಹೊಡಿ ಅಂತಲಾ?"

"ಮತ್ತೆಂತ? ನಿಲ್ಲು ಅನ್ನೋದಾದ್ರೆ ನಿಲ್ಲು ಅಂತಿದ್ದೆ."

"ಬೆನ್ನ ಮೇಲೆ ಏನೂ ಬೀಳ್ಲಿಲ್ವಲ್ಲ."

"ಅದು ಎಡಗೈಗೆ ಬರೋದಲ್ಲ. ಬಲಗೈ ಎತ್ತಿ ತೋರಿಸ್ದೆ. ನಿಮ್ ಬೆನ್ನಿಗೆ ಕಣ್ಣಿದ್ಯಾ?"

ಇಬ್ಬರನ್ನೂ ಒಂದೇ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದೆವು, ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು. ಅಳಿಯನ ದವಡೆ ಬಿರುಕು ಬಿಟ್ಟಿತ್ತು. ಬಟ್ಟೆ ಕಟ್ಟಿ ಗಂಜಿ ಕುಡಿಯಲು ಹೇಳಿದರು. ಮುದುಕನ ಕೈಗೆ ಸುಣ್ಣದ ಪಟ್ಟಿ ಹಾಕಿದರು. ಹಾಕುವಾಗ ಡಾಕ್ಟರು ಯಾರು ಹೊಡೆದದ್ದು ಎಂದು ಕೇಳಿದರು. ನಾನು ಎಂದೆ. ಅವರು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿ ನಂಬಲಿಲ್ಲ.

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಹಳ್ಳಿಗೆ ಹೋದೆ. ನೌಕರಿಯಲ್ಲಿ ನಾನು ಹಾಕಿದ ಮೊದಲ ರಜೆ. ಜಗಲಿಯ ಕೆಳಗೆ ನಿಂತು, ತಪ್ಪಾಯಿತು ಎಂದೆ.

"ಕೈ ಮೊದ್ಲೇ ಹೋಗಿತ್ತು," ಎಂದ ಮುದುಕ. "ಪೆಟ್ಟು ಹೋಗಿರ್ಲಿಲ್ಲ. ನೀವ್ ಅದನ್ನ ಅಳ್ಸಿದ್ರಿ. ಮೊದ್ಲು ಅದ್ನ ಸರಿ ಮಾಡಿ."

ಆಗ ಅವನೇ ಹೇಳಿದ. ಆ ಏಳು ಪೆಟ್ಟು ಮುಂದಾಳಿನ ಪೆಟ್ಟುಗಳು; ಉಳಿದವರೆಲ್ಲ ಬಾಗಿ ತಿರುಗುವಾಗ ಅವನೊಬ್ಬ ನಡುವೆ ನಿಂತು ಎತ್ತಿ ಹೊಡೆಯಬೇಕು. ಅವನ ಅಜ್ಜನ ಕಾಲದಲ್ಲಿ ಆ ಸದ್ದಿಗೆ ಒಡೆಯರ ಮನೆಯ ಹಸು ಕಣ್ಣಿ ಹರಿದುಕೊಂಡು ಓಡಿತ್ತಂತೆ. ಅಂದಿನಿಂದ ಅವರ ಅಂಗಳದಲ್ಲಿ ಅದೊಂದನ್ನು ಬಿಟ್ಟು ಬಾರಿಸಿ ಎಂದು ಅಪ್ಪಣೆಯಾಯಿತು. ಮೂರು ತಲೆಮಾರು ಅಲ್ಲಿ ಅದನ್ನು ಬಿಟ್ಟೇ ಬಾರಿಸಿದರು. ಪೂರ್ತಿ ಮಟ್ಟು ತಮ್ಮ ಕೇರಿಯಲ್ಲಿ ಮಾತ್ರ. ಅರ್ಜಿ ಕೊಟ್ಟ ವರ್ಷ ಇವನು ಆ ಅಂಗಳದಲ್ಲಿ ನಿಂತು ಬಿಡದೆ ಹೊಡೆದ. ನಾಲ್ಕನೆಯ ಪೆಟ್ಟಿಗೆ ಕೊಟ್ಟಿಗೆಯಿಂದ ಜನ ಬಂದರು.

ನನ್ನ ಕಾಗದದಲ್ಲಿದ್ದದ್ದು ಒಡೆಯರ ಅಪ್ಪಣೆಯ ಮಟ್ಟು. ಅದನ್ನೇ ನಾನು ಹನ್ನೆರಡು ಜನರಿಗೆ ಬೆತ್ತ ಹಿಡಿದು ಕಲಿಸಿದ್ದೆ.

ಸೊನ್ನೆಗಳನ್ನು ಅಳಿಸಿ ಅಲ್ಲಿ ಕತ್ತರಿ ಗುರುತು ಬರೆದೆ. ಆದರೆ ಹನ್ನೆರಡು ಜನರ ಮೈಯಿಂದ ಅದನ್ನು ಅಳಿಸುವುದು ಹೇಗೆ? ಉಳಿದದ್ದು ಒಂದು ಭಾನುವಾರ. ಅರ್ಧ ಜನ ನಿಂತು ಅರ್ಧ ಜನ ಬಾಗಿ ತಿರುಗಿದರೆ ಕೋಲುಗಳು ತಲೆಗೆ ಬೀಳುತ್ತವೆ. ಮುದುಕನೇ ದಾರಿ ಹೇಳಿದ. "ಅವ್ರು ನೀವ್ ಕಲ್ಸಿದಂಗೆ ನಿಲ್ಲಲಿ. ಇವ್ನೊಬ್ಬ ಬಿಡ್ಲಿ." ಇವನು ಎಂದರೆ ಅಳಿಯ. ಅವನು ಮನೆಗೆ ಬಂದಿರಲಿಲ್ಲ, ಆಸ್ಪತ್ರೆಯಿಂದಲೇ ಜೋಗಕ್ಕೆ ಹೋಗಿ ಪವರ್ ಹೌಸಿನ ಶೆಡ್ಡಿನಲ್ಲಿ ಉಳಿದಿದ್ದ.

ಅವನನ್ನು ಕರೆತಂದದ್ದು ಮಗಳು. ಜೋಗಕ್ಕೆ ಹೋಗಿ ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತಳಂತೆ. ಶುಕ್ರವಾರ ನಾನು ಹೋದಾಗ ಅವನು ಅಂಗಳದಲ್ಲಿ ಡೊಳ್ಳು ಹೊತ್ತು, ಜಗಲಿಗೆ ಬೆನ್ನು ಹಾಕಿ ನಿಂತಿದ್ದ. ಜಗಲಿಯ ಮೇಲೆ ಮುದುಕ. ನಡುವೆ ಆಕೆ.

"ಒಬ್ರಿಗೆ ಗಂಜಿ ಕುಡ್ಸದು, ಒಬ್ರಿಗೆ ಅನ್ನ ಕಲ್ಸಿ ತಿನ್ಸದು. ನಂಗೆ ಸಾಕಾಗದೆ," ಎಂದಳು. "ಆ ಏಳು ಪೆಟ್ಟು ಬಾರ್ಸಿ ಮುಗ್ಸಿ. ಇಲ್ದಿದ್ರೆ ಡೊಳ್ಳು ಸೀಳಿ ಒಲೆಗೆ ಹಾಕ್ತೀನಿ. ಮೇಷ್ಟ್ರೇ, ನಿಮ್ ಬೆತ್ತ ಇಲ್ಲಿ ಕೊಡಿ."

ಕೊಟ್ಟೆ. ಅವಳು ಅದನ್ನು ಒಳಗೆ ತೆಗೆದುಕೊಂಡು ಹೋದಳು.

ಪಾಠ ನಡೆಯಿತು. ಹತ್ತು ಮಾರು ದೂರದಲ್ಲಿದ್ದ ಇಬ್ಬರೂ ನನ್ನ ಮೂಲಕವೇ ಮಾತಾಡಿದರು.

"ಅವ್ನಿಗೆ ಹೇಳಿ, ಮೊಣಕೈ ಕಿವಿಗಿಂತ ಮೇಲೆ ಹೋಗ್ಬೇಕು."

"ಹೋಗಿದೆ ಅನ್ನಿ," ಎಂದ ಅಳಿಯ, ಕಟ್ಟಿದ ದವಡೆಯ ಒಳಗಿನಿಂದ.

ಹೊಡೆದ. "ಅದು ತಟ್ಟಿದ್ದು. ಮಗು ಮಲಗ್ಸಕ್ಕೆ ತಟ್ತಾನಾ ಕೇಳಿ."

ಮತ್ತೆ ಹೊಡೆದ. "ಸಿಟ್ಟು ಬರ್ಲಿಲ್ವಾ ಕೇಳಿ."

"ನನ್ ಹಲ್ಲು ಕೇಳಿ ಅನ್ನಿ."

"ಹಲ್ಲಿನ ಸಿಟ್ಟು ಸಣ್ಣದು. ಗುದ್ದಲಿ ಕಾವು ನೋಡ್ಲಿ. ಅದು ಕೆಳಗೆ ಬರ್ತಾ ಅದೆ, ಅಂಚಿನ ಮೇಲೆ ಕೈ ಅದೆ. ಅದು ಬೀಳೋದ್ರೊಳಗೆ ಇವ್ನು ಬಿಡ್ಬೇಕು."

ಅಳಿಯ ಈ ಸಲ ಕೂಡಲೇ ಹೊಡೆಯಲಿಲ್ಲ. ಕಾಲು ಅಗಲಿಸಿ ನಿಂತು, ಕೋಲು ಬೆನ್ನ ಹಿಂದಿನಿಂದ ಎತ್ತಿ ಬಿಟ್ಟ. ತೊಗಲಿನ ಧೂಳು ಅವನ ಮುಖಕ್ಕೆ ಹಾರಿತು. ಕೊಟ್ಟಿಗೆಯಲ್ಲಿ ಕರು ಹಗ್ಗ ಜಗ್ಗಿತು. ದವಡೆಯ ಬಟ್ಟೆಯಲ್ಲಿ ಕೆಂಪು ಇಳಿಯಿತು.

"ಅದು," ಎಂದ ಮುದುಕ. "ಮುಂದಿಂದು ಹೇಳಿ."

ಏಳೂ ಆದ ಮೇಲೆ ನಾನು ಮುದುಕನ ಎದುರು ಕೂತು, ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಓದಿ ಹೇಳಿದೆ. ಐದನೆಯ ಸಾಲಿನಲ್ಲಿ ಒಂದು ಕೈಪೆಟ್ಟು ತಪ್ಪಿತ್ತು, ತಿದ್ದಿದೆ. ಹೂಂ ಎಂದ. ಬಸ್ಸು ಯಾವಾಗಲೋ ಹೋಗಿತ್ತು. ಅವಳು ಬೆತ್ತ ವಾಪಸು ಕೊಟ್ಟಳು. ಅದಾದ ಮೇಲೆ ಬೆತ್ತ ಹಿಡಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಿಡಿದೆ, ಇನ್ನೂ ಕೆಲವು ವರ್ಷ. ಎತ್ತುವಾಗ ಕೈ ಒಂದು ಗಳಿಗೆ ತಡೆಯುತ್ತಿತ್ತು. ಆ ಒಂದು ಗಳಿಗೆಯಲ್ಲಿ ಹುಡುಗರು ತಪ್ಪಿಸಿಕೊಳ್ಳಲು ಕಲಿತರು.

ಪೆರೇಡಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಡೊಳ್ಳು ಮೈದಾನಕ್ಕಿಳಿಯಿತು. ಮುದುಕ ಶಾಮಿಯಾನದ ಹೊರಗೆ, ಹಗ್ಗದ ಈಚೆ, ಜನರ ನಡುವೆ ನಿಂತಿದ್ದ. ಪೆರೇಡಿನ ಹೊಣೆಯವನು ಪೆರೇಡನ್ನೇ ನೋಡಬೇಕು. ನಾನು ಅವನನ್ನು ನೋಡಿದೆ. ಮೊದಲ ಸಾಲು ಓಡಿ ಬಂದು, ಹನ್ನೊಂದು ಕೋಲು ಮೇಲೆದ್ದು ನಿಂತು, ಆ ಮೌನದ ನಡುವೆ ಅಳಿಯನ ಪೆಟ್ಟು ಬಿತ್ತು. ವೇದಿಕೆಯ ಮೇಲಿದ್ದವರು ಕುರ್ಚಿಯಲ್ಲಿ ಅಲುಗಿದರು. ಸಾಲಿನಲ್ಲಿದ್ದ ಮಕ್ಕಳಲ್ಲೊಬ್ಬ ಅಳತೊಡಗಿದ. ಮುದುಕ ಎಡಗೈಯ ಹೆಬ್ಬೆರಳು ಮಡಚಿದ. ಎರಡನೆಯದಕ್ಕೆ ತೋರುಬೆರಳು. ನಾಲ್ಕನೆಯ ಪೆಟ್ಟಿಗೆ ಮೊದಲು ಅವನ ಭುಜ ಒಮ್ಮೆ ಕುಗ್ಗಿತು. ಪೆಟ್ಟು ಬಿತ್ತು. ಐದಕ್ಕೆ ಎಡಗೈ ಮುಗಿಯಿತು. ಪಟ್ಟಿಯ ಅಂಚಿನಿಂದ ಬಲಗೈಯ ಬೆರಳುಗಳು ಹೊರಚಾಚಿದ್ದವು, ಮಡಚದ ಬೆರಳುಗಳು. ಆರನೆಯ ಪೆಟ್ಟಿಗೆ ಅವನು ಎಡಗೈಯಿಂದ ಅವುಗಳಲ್ಲಿ ಒಂದನ್ನು ಹಿಡಿದು ಬಗ್ಗಿಸಿದ. ನೋವಿಗೆ ಬಾಯಿ ತೆರೆಯಿತು. ಏಳಕ್ಕೆ ಇನ್ನೊಂದನ್ನು ಬಗ್ಗಿಸಿದ.

ಡೊಳ್ಳು ಇನ್ನೂ ಮುಗಿದಿರಲಿಲ್ಲ. ಅವನು ತಿರುಗಿ ಜನರನ್ನು ಸರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಎಲ್ಲ ಮುಗಿದ ಮೇಲೆ ಅಳಿಯ ಬೆವರು ಸುರಿಸುತ್ತ ನನ್ನ ಹತ್ತಿರ ಬಂದ. ದವಡೆಯ ಬಟ್ಟೆ ಪೂರ್ತಿ ನೆನೆದಿತ್ತು.

"ಮಾವ ಎಂತ ಅಂದ್ರು?"

"ಏನೂ ಅನ್ಲಿಲ್ಲ."

"ಕೊನೆ ತನಕ ಇದ್ರಾ?"

"ಏಳನೇದರ ತನಕ ಇದ್ರು. ಎಣಿಸ್ತಿದ್ರು."

"ಏಳೂ ಎಣಿಸಿದ್ರಾ?"

"ಏಳೂ."

ಅವನು ನೆಲಕ್ಕೆ ಕೆಂಪಗೆ ಉಗಿದು, ಡೊಳ್ಳಿನ ಹಗ್ಗ ಸಡಿಲಿಸತೊಡಗಿದ.